ನಿಮಗಿದು ಗೊತ್ತೇ? ಹುಟ್ಟುವ ಮೊದಲೇ ಪತ್ತೆಯಾಗುವ ಸ್ಪೈನಾ ಬೈಫಿಡಾ

ಸ್ಕ್ಯಾನಿಂಗ್ ವರದಿಯಲ್ಲಿ ‘ಸ್ಪೈನಾ ಬೈಫಿಡಾ’ ಎಂದು ಬರೆದಿದ್ದ ದಿನ ಆ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಹೆದರಿಸುವ ಚಿತ್ರಗಳೇ ಮೊದಲು ಎದುರಾಗುತ್ತವೆ. ಸಮಾಧಾನ ಹೇಳಲು ಬಂದ ನೆಂಟರು ತಲೆಗೊಂದು ಮಾತಾಡಿ ಗೊಂದಲ ಹೆಚ್ಚಿಸಿ ಹೋಗುತ್ತಾರೆ. ಆ ಹೊತ್ತಿನಲ್ಲಿ ಗಂಡಹೆಂಡಿರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಿರುವುದು ನಿಜವಾದ ಮಾಹಿತಿ. ಅವರಿಗಾಗಿ, ಮುಂದೆ ತಾಯಿಯಾಗಲಿರುವ ಎಲ್ಲರಿಗಾಗಿ ಇಲ್ಲಿವೆ ಕೆಲವು ಸಂಗತಿಗಳು.

ಏನಿದು?

1. ಗರ್ಭ ಕಟ್ಟಿದ ಮೂರನೇ ವಾರದಲ್ಲಿ ಭ್ರೂಣದ ಬೆನ್ನಿನ ಭಾಗದಲ್ಲಿ ಜೀವಕೋಶಗಳ ಚಪ್ಪಟೆ ಪದರವೊಂದಿರುತ್ತದೆ. ವೀಳ್ಯದೆಲೆಯನ್ನು ಮಡಿಚಿದ ಹಾಗೆ ಅದರ ಎರಡೂ ಅಂಚುಗಳು ಮೇಲೆದ್ದು ಕೂಡಿಕೊಂಡು ನಳಿಕೆಯಾಗುತ್ತದೆ. ಇದೇ ನರನಾಳ. ಮಿದುಳು, ಬೆನ್ನುಹುರಿ ಎರಡೂ ಬೆಳೆಯುವುದು ಇದರಿಂದಲೇ. ನಾಳದ ಕೆಳಭಾಗ ಎಲ್ಲಾದರೂ ಮುಚ್ಚದೆ ಉಳಿದರೆ ಅದು ಸ್ಪೈನಾ ಬೈಫಿಡಾ. ಮೇಲ್ತುದಿ ಮುಚ್ಚದಿದ್ದರೆ ತಲೆಬುರುಡೆ, ಮಿದುಳು ಬೆಳೆಯದ ಅನೆನ್ಸೆಫಲಿ. ಆ ಮಗು ಬದುಕುವುದಿಲ್ಲ.

2. ಈ ನಾಳ ಪೂರ್ತಿ ಮುಚ್ಚಿಕೊಳ್ಳಲು ಗರ್ಭ ಕಟ್ಟಿದಂದಿನಿಂದ 28 ದಿನ ಸಾಕು. ಅಂದರೆ ಮುಟ್ಟು ತಪ್ಪಿ ಎರಡು ವಾರ ಕಳೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ತಾನು ಬಸುರಿ ಎಂಬುದೇ ಎಷ್ಟೋ ಹೆಣ್ಣುಮಕ್ಕಳಿಗೆ ಆಗಿನ್ನೂ ಗೊತ್ತಿರುವುದಿಲ್ಲ.

3. ಸ್ಪೈನಾ ಬೈಫಿಡಾದಲ್ಲಿ ಮುಖ್ಯವಾಗಿ ಮೂರು ಬಗೆ. ಮೂಳೆಯಲ್ಲಿ ಸಣ್ಣ ಸೀಳು ಮಾತ್ರ ಇದ್ದು ಚರ್ಮ ಮುಚ್ಚಿರುವುದು ‘ಒಕಲ್ಟಾ’. ಬೆನ್ನುಹುರಿಯ ಹೊದಿಕೆ ಮಾತ್ರ ಚೀಲದ ಹಾಗೆ ಹೊರಬಂದರೆ ‘ಮೆನಿಂಗೋಸೀಲ್’. ಹೊದಿಕೆಯ ಜೊತೆ ಬೆನ್ನುಹುರಿ, ನರಗಳೂ ಹೊರಚಾಚಿದರೆ ‘ಮೈಲೋಮೆನಿಂಗೋಸೀಲ್’. ಗಂಭೀರವಾದದ್ದು ಈ ಮೂರನೆಯದು. ಬಸುರಿಯ ವರದಿಯಲ್ಲಿ ಸಾಮಾನ್ಯವಾಗಿ ಕಾಣಿಸುವುದೂ ಇದೇ.

4. ಹತ್ತರಲ್ಲಿ ಒಬ್ಬರಿಗಾದರೂ ‘ಒಕಲ್ಟಾ’ ಇರುತ್ತದೆ. ಬಹುತೇಕರಿಗೆ ಅದರಿಂದ ಯಾವ ತೊಂದರೆಯೂ ಇಲ್ಲ. ಬೆನ್ನುನೋವಿಗೆಂದು ಎಕ್ಸ್‌ರೇ ತೆಗೆಸಿದಾಗ ಆಕಸ್ಮಿಕವಾಗಿ ಗೊತ್ತಾಗುವುದೇ ಹೆಚ್ಚು. ಹಾಗಾಗಿ ‘ಸ್ಪೈನಾ ಬೈಫಿಡಾ’ ಎಂದು ಕೇಳಿದೊಡನೆ ಗಾಬರಿಯಾಗುವ ಮೊದಲು ಯಾವ ಬಗೆಯದು ಎಂದು ಕೇಳಬೇಕು.

ಯಾರ ತಪ್ಪು?

5. ಗ್ರಹಣದ ದಿನ ಹೊರಗೆ ಬಂದದ್ದಕ್ಕೆ, ಕತ್ತರಿ ಹಿಡಿದದ್ದಕ್ಕೆ ಹೀಗಾಯಿತು ಎನ್ನುವವರು ಈಗಲೂ ಇದ್ದಾರೆ. ಅದು ಶುದ್ಧ ಸುಳ್ಳು. ವಂಶವಾಹಿ, ಪೋಷಣೆ, ಆರೋಗ್ಯ ಸ್ಥಿತಿ ಹೀಗೆ ಹಲವು ಕಾರಣಗಳು ಸೇರಿ ಈ ದೋಷ ಉಂಟಾಗುತ್ತದೆ. ತಾಯಿಯ ಕರ್ಮವೂ ಅಲ್ಲ, ಸೊಸೆಯ ಕಾಲ್ಗುಣವೂ ಅಲ್ಲ.

6. ಇಂಥ ಮಕ್ಕಳಲ್ಲಿ ಬಹುಪಾಲು ಹುಟ್ಟುವುದು, ಹಿಂದೆ ಯಾರಿಗೂ ಈ ತೊಂದರೆ ಇರದ ಕುಟುಂಬಗಳಲ್ಲಿ. ‘ನಮ್ಮ ಮನೆತನದಲ್ಲಿ ಯಾರಿಗೂ ಇರಲಿಲ್ಲ, ನಿಮ್ಮ ಕಡೆಯಿಂದಲೇ ಬಂತು’ ಎಂಬ ಜಗಳಕ್ಕೆ ಅರ್ಥವೇ ಇಲ್ಲ.

7. ಮೂರ್ಛೆರೋಗಕ್ಕೆ ಕೊಡುವ ವಾಲ್ಪ್ರೊಯೇಟ್ ಔಷಧ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಅತಿಯಾದ ಬೊಜ್ಜು ಅಪಾಯವನ್ನು ಹೆಚ್ಚಿಸುತ್ತವೆ. ಹಾಗೆಂದು ಮೂರ್ಛೆಯ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಮಗು ಬೇಕೆಂದುಕೊಂಡಾಗಲೇ ವೈದ್ಯರಿಗೆ ತಿಳಿಸಿದರೆ ಔಷಧ ಬದಲಿಸುವ ಬಗ್ಗೆ ಅವರು ಯೋಚಿಸುತ್ತಾರೆ.

8. ಜಗತ್ತಿನಲ್ಲಿ ವರ್ಷಕ್ಕೆ ಎರಡೂವರೆ ಲಕ್ಷಕ್ಕೂ ಹೆಚ್ಚು ಗರ್ಭಗಳಲ್ಲಿ ನರನಾಳದ ದೋಷ ಕಾಣಿಸಿಕೊಳ್ಳುತ್ತದೆ ಎಂಬ ಅಂದಾಜಿದೆ. ಭಾರತದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರಿಗೆ ಸಿಕ್ಕ ಸರಾಸರಿ, ಸಾವಿರ ಹೆರಿಗೆಗೆ 4ರ ಆಸುಪಾಸು. ವರದಿ ಕೈಗೆ ಬಂದ ದಿನ ‘ನಮಗೊಬ್ಬರಿಗೇ ಹೀಗೆ’ ಎನಿಸುತ್ತದೆ. ಆದರೆ ನೀವು ಒಂಟಿಯಲ್ಲ.

ಪತ್ತೆಯಾಗುವುದು ಹೇಗೆ?

9. 18ರಿಂದ 20ನೇ ವಾರದ ನಡುವೆ ಮಾಡುವ ‘ಅನಾಮಲಿ ಸ್ಕ್ಯಾನ್’ ಇದನ್ನು ಹಿಡಿಯುವ ಮುಖ್ಯ ಪರೀಕ್ಷೆ. ತಜ್ಞರು ಬೆನ್ನನ್ನಷ್ಟೇ ಅಲ್ಲ, ತಲೆಯನ್ನೂ ನೋಡುತ್ತಾರೆ. ತಲೆಬುರುಡೆಯ ಮುಂಭಾಗ ಅಮುಕಿದಂತಾಗಿ ನಿಂಬೆಹಣ್ಣಿನ ಆಕಾರ, ಹಿಮ್ಮಿದುಳು ಬಾಗಿ ಬಾಳೆಹಣ್ಣಿನ ಆಕಾರ ತಾಳಿದ್ದರೆ ಬೆನ್ನುಹುರಿ ತೆರೆದಿರುವ ಸಂಶಯ ಬಲವಾಗುತ್ತದೆ. ಈ ಎರಡು ಗುರುತುಗಳನ್ನು ಕಿಪ್ರೋಸ್ ನಿಕೊಲಾಯ್ಡಿಸ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದರು.

10. ‘ಡಬಲ್ ಮಾರ್ಕರ್ ಸರಿಯಿತ್ತು, ಎನ್‌ಐಪಿಟಿ ಕೂಡ ಮಾಡಿಸಿದ್ದೆವು, ಆದರೂ ಹೀಗೇಕಾಯಿತು?’ ಎಂದು ಹಲವರು ಕೇಳುತ್ತಾರೆ. ಆ ಪರೀಕ್ಷೆಗಳು ಹುಡುಕುವುದು ಡೌನ್ ಸಿಂಡ್ರೋಮ್‌ನಂಥ ಕ್ರೋಮೋಸೋಮ್ ದೋಷಗಳನ್ನು. ಬೆನ್ನುಹುರಿ ಮುಚ್ಚಿದೆಯೇ ಎಂಬುದನ್ನು ಅವು ಹೇಳುವುದಿಲ್ಲ. ಅವು ಸರಿಯಿದ್ದರೂ ಐದನೇ ತಿಂಗಳ ಸ್ಕ್ಯಾನ್ ತಪ್ಪಿಸಬಾರದು.

11. ಸ್ಕ್ಯಾನಿಂಗ್ ಯಂತ್ರಗಳು ಇಷ್ಟು ಸ್ಪಷ್ಟವಾಗಿ ತೋರಿಸುವ ಮೊದಲು ನೆರವಿಗಿದ್ದದ್ದು ಆಲ್ಫಾ ಫೀಟೊಪ್ರೋಟೀನ್. ಬೆನ್ನು ತೆರೆದಿದ್ದರೆ ಈ ಪ್ರೋಟೀನ್ ಮಗುವಿನ ಮೈಯಿಂದ ಸುತ್ತಲಿನ ಗರ್ಭಜಲಕ್ಕೆ ಸೋರುತ್ತದೆ. ಇದನ್ನು 1972ರಲ್ಲಿ ತೋರಿಸಿಕೊಟ್ಟವರು ಎಡಿನ್‌ಬರೊದ ಬ್ರಾಕ್ ಮತ್ತು ಸಟ್‌ಕ್ಲಿಫ್. ತಾಯಿಯ ರಕ್ತದಲ್ಲೂ ಅದರ ಪ್ರಮಾಣ ಏರುತ್ತದೆ. ನಮ್ಮಲ್ಲಿ ಮಾಡುವ ಕ್ವಾಡ್ರುಪಲ್ ಪರೀಕ್ಷೆಯಲ್ಲಿ ಇದೂ ಒಂದು ಭಾಗ.

12. ಭಾರತದಲ್ಲಿ 1994ರ ಕಾಯ್ದೆ ನಿಷೇಧಿಸಿರುವುದು ಗಂಡೋ ಹೆಣ್ಣೋ ಎಂದು ನೋಡಿ ಹೇಳುವುದನ್ನು. ಮಗುವಿನ ಅಂಗದೋಷಗಳನ್ನು ಪತ್ತೆಮಾಡುವ ಸ್ಕ್ಯಾನಿಂಗ್ ಕಾನೂನುಬದ್ಧ. ಕಂಡ ದೋಷವನ್ನು ವಿವರವಾಗಿ ಕೇಳಿ ತಿಳಿಯುವ ಹಕ್ಕು ನಿಮಗಿದೆ.

13. ಸ್ಕ್ಯಾನ್‌ನಲ್ಲಿ ಮಗು ಕಾಲು ಆಡಿಸುವುದನ್ನು ಕಂಡರೆ ಜೀವಕ್ಕೆ ಹಾಯೆನಿಸುತ್ತದೆ. ಅದು ಒಳ್ಳೆಯ ಸೂಚನೆಯೇ. ಆದರೆ ಮುಂದೆ ನಡೆದೇ ನಡೆಯುತ್ತದೆ ಎಂಬ ಖಾತರಿ ಅದರಿಂದ ಸಿಗದು. ಸೀಳು ಬೆನ್ನಿನ ಯಾವ ಮಟ್ಟದಲ್ಲಿದೆ ಎಂಬುದು ಹೆಚ್ಚು ಮುಖ್ಯ.

ವರದಿ ಕೈಗೆ ಬಂದ ಮೇಲೆ

14. ಸೀಳು ಕೆಳಗಿದ್ದಷ್ಟೂ ಕಾಲಿನ ಶಕ್ತಿ ಹೆಚ್ಚು ಉಳಿಯುತ್ತದೆ. ಸೊಂಟದ ಕೆಳತುದಿಯಲ್ಲಿದ್ದರೆ ಬಹಳಷ್ಟು ಮಕ್ಕಳು ನಡೆಯುತ್ತಾರೆ. ಎದೆಯ ಮಟ್ಟದಲ್ಲಿದ್ದರೆ ಹೆಚ್ಚಿನವರಿಗೆ ಗಾಲಿಕುರ್ಚಿ ಬೇಕಾಗುತ್ತದೆ. ‘ಯಾವ ಮಟ್ಟ? ತಲೆಯಲ್ಲಿ ನೀರು ತುಂಬಿದೆಯೇ? ಪಾದ ತಿರುಚಿದೆಯೇ? ಬೇರೆ ಅಂಗಗಳಲ್ಲಿ ದೋಷವಿದೆಯೇ?’ ಈ ನಾಲ್ಕು ಪ್ರಶ್ನೆ ಬರೆದುಕೊಂಡು ಹೋಗಿ ವೈದ್ಯರನ್ನು ಕೇಳಿ.

15. ಒಬ್ಬರೇ ವೈದ್ಯರ ಮಾತು ಕೇಳಿ ತೀರ್ಮಾನಕ್ಕೆ ಬರಬೇಕಿಲ್ಲ. ಭ್ರೂಣ ಚಿಕಿತ್ಸಾ ತಜ್ಞರ ಜೊತೆಗೆ ಮಕ್ಕಳ ನರಶಸ್ತ್ರಚಿಕಿತ್ಸಕರನ್ನೂ ಕಾಣಿ. ಹುಟ್ಟಿದ ಮಗುವಿನ ಬೆನ್ನು ಮುಚ್ಚುವವರು, ಬೆಳೆದ ಮಕ್ಕಳನ್ನು ವರ್ಷಗಟ್ಟಲೆ ನೋಡಿದವರು ಅವರೇ. ಬೇಕಿದ್ದರೆ ಗರ್ಭಜಲದ ಪರೀಕ್ಷೆಯಿಂದ ಕ್ರೋಮೋಸೋಮ್ ದೋಷ ಇದೆಯೇ ಎಂದು, ಎಂಆರ್‌ಐನಿಂದ ಮಿದುಳಿನ ಸ್ಥಿತಿ ಹೇಗಿದೆ ಎಂದು ತಿಳಿಯಬಹುದು.

16. 2021ರ ತಿದ್ದುಪಡಿಯಾದ ಮೇಲೆ ನಮ್ಮ ಕಾನೂನು, ಮಗುವಿಗೆ ಗಂಭೀರ ದೋಷವಿದ್ದಾಗ 24 ವಾರದವರೆಗೆ ಗರ್ಭಪಾತಕ್ಕೆ ಅವಕಾಶ ಕೊಡುತ್ತದೆ. ಆಮೇಲೆ ವೈದ್ಯಕೀಯ ಮಂಡಳಿಯ ಒಪ್ಪಿಗೆ ಬೇಕು. ವಯಸ್ಕ ಮಹಿಳೆಯಾದರೆ ಆಕೆಯ ಸಮ್ಮತಿಯೊಂದೇ ಸಾಕು. ಗರ್ಭ ಉಳಿಸಿಕೊಳ್ಳುವ ತೀರ್ಮಾನಕ್ಕೂ ಬೇಡವೆನ್ನುವ ತೀರ್ಮಾನಕ್ಕೂ ಕಾನೂನಿನಲ್ಲಿ ಜಾಗವಿದೆ. ಯಾವುದನ್ನು ಆರಿಸಿಕೊಂಡರೂ ಆ ತಾಯಿಯನ್ನು ದೂರುವ ಅಧಿಕಾರ ಯಾರಿಗೂ ಇಲ್ಲ.

17. ಕೆಲವು ದಶಕಗಳ ಹಿಂದೆ ಹೀಗೆ ಹುಟ್ಟಿದ ಎಲ್ಲ ಮಕ್ಕಳಿಗೂ ಚಿಕಿತ್ಸೆ ಸಿಗುತ್ತಿರಲಿಲ್ಲ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿದ್ದ ಜಾನ್ ಲಾರ್ಬರ್, 524 ಮಕ್ಕಳ ಚಿಕಿತ್ಸೆಯ ಫಲಿತಾಂಶ ನೋಡಿ, ತೀವ್ರ ದೋಷದ ಶಿಶುಗಳಿಗೆ ಶಸ್ತ್ರಚಿಕಿತ್ಸೆ ಮಾಡದಿರುವುದೇ ಲೇಸೆಂದು 1971ರಲ್ಲಿ ಮಾನದಂಡ ಮುಂದಿಟ್ಟರು. ಚಿಕಿತ್ಸೆ ಸುಧಾರಿಸಿದ ಹಾಗೆ ಆ ಮಾನದಂಡವನ್ನು ವೈದ್ಯಲೋಕ ಕೈಬಿಟ್ಟಿತು. ಹಳೆಯ ಕಾಲದ ಅನುಭವದಿಂದ ‘ಇಂಥ ಮಗು ಉಳಿಯುವುದಿಲ್ಲ’ ಎನ್ನುವವರ ಮಾತನ್ನು ಇಂದಿಗೆ ಅನ್ವಯಿಸಬೇಡಿ.

ಹೊಟ್ಟೆಯೊಳಗಿದ್ದಾಗಲೇ ಶಸ್ತ್ರಚಿಕಿತ್ಸೆ

18. ನಾಳ ಮುಚ್ಚದಿರುವುದು ಮೊದಲ ಪೆಟ್ಟು. ತೆರೆದುಕೊಂಡ ನರಗಳು ತಿಂಗಳುಗಟ್ಟಲೆ ಗರ್ಭಜಲದಲ್ಲಿ ತೊಯ್ದು ಹಾಳಾಗುವುದು ಎರಡನೆಯ ಪೆಟ್ಟು. ಹುಟ್ಟುವ ಮೊದಲೇ ಬೆನ್ನು ಮುಚ್ಚಿದರೆ ಎರಡನೆಯದನ್ನಾದರೂ ತಗ್ಗಿಸಬಹುದಲ್ಲ ಎಂಬುದೇ ಗರ್ಭದೊಳಗಿನ ಶಸ್ತ್ರಚಿಕಿತ್ಸೆಯ ಹಿಂದಿನ ವಿಚಾರ.

19. ಅಮೆರಿಕದ ಮೂರು ಆಸ್ಪತ್ರೆಗಳಲ್ಲಿ ನಡೆದ ‘ಮಾಮ್ಸ್’ ಅಧ್ಯಯನ 2011ರಲ್ಲಿ ಪ್ರಕಟವಾಯಿತು. 26ನೇ ವಾರಕ್ಕೆ ಮೊದಲೇ ಗರ್ಭದಲ್ಲಿ ಶಸ್ತ್ರಚಿಕಿತ್ಸೆಯಾದ ಮಕ್ಕಳಲ್ಲಿ ಒಂದು ವರ್ಷದೊಳಗೆ ತಲೆಯ ನೀರು ಹೊರಹರಿಸುವ ಕೊಳವೆ (ಷಂಟ್) ಹಾಕಿಸಿಕೊಂಡವರು 40 ಶೇಕಡ. ಹುಟ್ಟಿದ ಮೇಲೆ ಶಸ್ತ್ರಚಿಕಿತ್ಸೆಯಾದವರಲ್ಲಿ 82 ಶೇಕಡ. ಎರಡೂವರೆ ವರ್ಷಕ್ಕೆ ಆಸರೆಯಿಲ್ಲದೆ ನಡೆದವರು ಮೊದಲ ಗುಂಪಿನಲ್ಲಿ 42 ಶೇಕಡ, ಎರಡನೆಯದರಲ್ಲಿ 21. ಪ್ರಯೋಜನ ಅಷ್ಟು ಸ್ಪಷ್ಟವಾಗಿದ್ದುದರಿಂದ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು.

20. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಆ ಅಧ್ಯಯನದಲ್ಲಿ ಗರ್ಭದಲ್ಲೇ ಶಸ್ತ್ರಚಿಕಿತ್ಸೆಯಾದ ಮಕ್ಕಳು ಸರಾಸರಿ 34ನೇ ವಾರಕ್ಕೇ ಹುಟ್ಟಿದರು. ತಾಯಿಯ ಗರ್ಭಕೋಶವನ್ನು ಕೊಯ್ಯುವ ಕಾರಣ ಮುಂದಿನ ಹೆರಿಗೆಗಳೂ ಸಿಸೇರಿಯನ್ ಆಗಬೇಕು. ಈ ಗಾಯ ಚಿಕ್ಕದಾಗಲೆಂದು ಸಣ್ಣ ರಂಧ್ರದ ಮೂಲಕ ದುರ್ಬೀನು ತೂರಿಸಿ ಬೆನ್ನು ಮುಚ್ಚುವ ವಿಧಾನವೂ ಬೆಳೆದಿದೆ. ಗರ್ಭದೊಳಗಿನ ಶಸ್ತ್ರಚಿಕಿತ್ಸೆ ಎಲ್ಲ ಬಸುರಿಯರಿಗೂ ಹೊಂದುವುದಿಲ್ಲ. ಕೇಳುವುದಾದರೆ ತಡಮಾಡದೆ ಕೇಳಬೇಕು.

21. ಜರಾಯುವಿನಿಂದ ಪಡೆದ ಕಾಂಡಕೋಶಗಳ ತೇಪೆಯನ್ನು ಬೆನ್ನುಹುರಿಯ ಮೇಲಿಟ್ಟು ಮುಚ್ಚುವ ಪ್ರಯೋಗವನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಡಯಾನಾ ಫಾರ್ಮರ್ ಅವರ ತಂಡ 2021ರಲ್ಲಿ ಮನುಷ್ಯರ ಮೇಲೆ ಆರಂಭಿಸಿತು. ಇದು ಸಂಶೋಧನೆಯ ಹಂತದ್ದು. ಇದರ ಹೆಸರು ಹೇಳಿ ಹಣ ಕೇಳುವವರ ಬಲೆಗೆ ಬೀಳಬೇಡಿ.

ಮಗು ಕೈಗೆ ಬಂದ ಮೇಲೆ

22. ಹೆರಿಗೆ ಎಲ್ಲಾಗಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬಹುದಾದದ್ದು ಮುಂಚಿತ ಪತ್ತೆಯ ದೊಡ್ಡ ಲಾಭ. ನವಜಾತ ಶಿಶುಗಳ ಐಸಿಯು, ನರಶಸ್ತ್ರಚಿಕಿತ್ಸಕರು ಇರುವ ಆಸ್ಪತ್ರೆಯೇ ಸರಿ. ಹುಟ್ಟಿದ ಕೂಡಲೇ ಬೆನ್ನಿನ ಚೀಲವನ್ನು ಲವಣದ್ರಾವಣದಲ್ಲಿ ತೋಯಿಸಿದ ಶುದ್ಧ ಬಟ್ಟೆಯಿಂದ ಮುಚ್ಚಿ, ಮಗುವನ್ನು ಬೋರಲಾಗಿ ಮಲಗಿಸುತ್ತಾರೆ. ಸೋಂಕು ತಗಲದಂತೆ ಎರಡು ಮೂರು ದಿನದೊಳಗೆ ಶಸ್ತ್ರಚಿಕಿತ್ಸೆ ಮಾಡುತ್ತಾರೆ.

23. ತಲೆಯಲ್ಲಿ ತುಂಬುವ ನೀರನ್ನು ಹೊರಹರಿಸುವ ಷಂಟ್‌ಗೆ ಒಳ್ಳೆಯ ಕವಾಟ ಮಾಡಿಕೊಟ್ಟವರು ಒಬ್ಬ ತಂದೆ. ಅಮೆರಿಕದ ಕುಶಲಕರ್ಮಿ ಜಾನ್ ಹೋಲ್ಟರ್ ಅವರ ಮಗ ಕೇಸಿ ಹುಟ್ಟಿದ್ದು ಇದೇ ದೋಷದೊಂದಿಗೆ. ಶಸ್ತ್ರಚಿಕಿತ್ಸಕ ಯೂಜೀನ್ ಸ್ಪಿಟ್ಜ್ ಅವರೊಂದಿಗೆ ಸೇರಿ ಹೋಲ್ಟರ್ 1956ರಲ್ಲಿ ಸಿಲಿಕೋನ್ ಕವಾಟ ರೂಪಿಸಿದರು. ಮಗ ಹೆಚ್ಚು ಕಾಲ ಬಾಳಲಿಲ್ಲ; ತಂದೆಯ ಕವಾಟ ಲೋಕದ ಅಸಂಖ್ಯ ಮಕ್ಕಳನ್ನು ಉಳಿಸಿತು.

24. ಷಂಟ್ ಕಟ್ಟಿಕೊಂಡರೆ ಕೂಡಲೇ ಆಸ್ಪತ್ರೆಗೆ ಓಡಬೇಕು. ಆಸ್ಪತ್ರೆ ದೂರವಿರುವ ಹಳ್ಳಿಗಳಲ್ಲಿ ಇದು ಜೀವಕ್ಕೇ ಅಪಾಯ. ಈ ಕಷ್ಟವನ್ನು ಉಗಾಂಡದ ಎಂಬಾಲೆಯಲ್ಲಿ ಕಂಡ ಬೆಂಜಮಿನ್ ವಾರ್ಫ್, ಎಂಡೊಸ್ಕೋಪ್‌ನಿಂದ ಮಿದುಳೊಳಗೇ ನೀರಿಗೆ ಹೊಸ ದಾರಿ ಮಾಡಿ, ನೀರು ಸ್ರವಿಸುವ ಅಂಗಾಂಶವನ್ನು ಸುಟ್ಟುಹಾಕುವ ವಿಧಾನ ಬೆಳೆಸಿದರು. ಬಡ ದೇಶದಲ್ಲಿ ಹುಟ್ಟಿದ ಈ ಚಿಕಿತ್ಸೆಯನ್ನು ಶ್ರೀಮಂತ ದೇಶಗಳೂ ಕಲಿತವು.

25. ಈ ಮಕ್ಕಳ ಆಯಸ್ಸನ್ನು ಹೆಚ್ಚಿಸಿದ ಅತಿ ಸರಳ ಉಪಾಯ, ದಿನಕ್ಕೆ ಹಲವು ಸಲ ತೆಳುವಾದ ಕ್ಯಾತಿಟರ್ ಹಾಕಿ ಮೂತ್ರಕೋಶ ಖಾಲಿ ಮಾಡುವುದು. ಮಿಷಿಗನ್ ವಿಶ್ವವಿದ್ಯಾಲಯದ ಜ್ಯಾಕ್ ಲಾಪಿಡಿಸ್ ಇದನ್ನು 1972ರಲ್ಲಿ ಪ್ರಕಟಿಸಿದರು. ಮೂತ್ರ ಒಳಗೇ ನಿಂತರೆ ಮೂತ್ರಪಿಂಡ ಹಾಳಾಗುತ್ತದೆ. ತಾಯ್ತಂದೆ ಮನೆಯಲ್ಲೇ ಇದನ್ನು ಮಾಡಬಹುದು, ಬೆಳೆದ ಮಗು ತಾನೇ ಕಲಿಯಬಹುದು.

26. ಈ ಮಕ್ಕಳಲ್ಲಿ ಲೇಟೆಕ್ಸ್ ರಬ್ಬರಿನ ಅಲರ್ಜಿ ಹೆಚ್ಚು. ರಬ್ಬರ್ ಕೈಗವಸು, ರಬ್ಬರ್ ಕೊಳವೆ ಮಾತ್ರವಲ್ಲ, ಹುಟ್ಟುಹಬ್ಬದ ಬಲೂನು ಕೂಡ ಅಪಾಯ ತರಬಹುದು. ಯಾವುದೇ ಶಸ್ತ್ರಚಿಕಿತ್ಸೆಗೆ ಮುನ್ನ, ಹಲ್ಲಿನ ವೈದ್ಯರ ಬಳಿಯೂ ಈ ಮಾತು ತಪ್ಪದೆ ಹೇಳಿ.

27. ಹೆಚ್ಚಿನ ಮಕ್ಕಳ ಬುದ್ಧಿಶಕ್ತಿ ಸಾಮಾನ್ಯ ಮಟ್ಟದಲ್ಲೇ ಇರುತ್ತದೆ. ಕೆಲವರಿಗೆ ಗಣಿತದಲ್ಲಿ, ಏಕಾಗ್ರತೆಯಲ್ಲಿ ಸ್ವಲ್ಪ ನೆರವು ಬೇಕಾಗಬಹುದು. ಬೇಗ ಎತ್ತರ ಬೆಳೆಯುವ ವಯಸ್ಸಿನಲ್ಲಿ ನಡಿಗೆ ಕೆಟ್ಟರೆ, ಬೆನ್ನು ನೋಯತೊಡಗಿದರೆ ಬೆನ್ನುಹುರಿ ಗಾಯದ ಜಾಗಕ್ಕೆ ಅಂಟಿ ಎಳೆಯುತ್ತಿರಬಹುದು. ಕೂಡಲೇ ತೋರಿಸಬೇಕು.

28. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಜನ್ಮದೋಷಗಳ ಪಟ್ಟಿಯ ಮೊದಲ ಹೆಸರೇ ನರನಾಳದ ದೋಷ. 18 ವರ್ಷದವರೆಗಿನ ಮಕ್ಕಳಿಗೆ ಇದರಡಿ ಉಚಿತ ಚಿಕಿತ್ಸೆಯ ದಾರಿಯಿದೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಅಥವಾ ಜಿಲ್ಲಾಸ್ಪತ್ರೆಯನ್ನು ವಿಚಾರಿಸಿ. ಅಂಗವೈಕಲ್ಯ 40 ಶೇಕಡ ಅಥವಾ ಹೆಚ್ಚಿದ್ದರೆ 2016ರ ಕಾಯ್ದೆಯಂತೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ.

29. ಕಾರ್ಡಿಫ್‌ನಲ್ಲಿ ಸ್ಪೈನಾ ಬೈಫಿಡಾದೊಂದಿಗೆ ಹುಟ್ಟಿದ ಟ್ಯಾನಿ ಗ್ರೇ ಥಾಂಪ್ಸನ್ ಗಾಲಿಕುರ್ಚಿ ಓಟದಲ್ಲಿ 11 ಪ್ಯಾರಾಲಿಂಪಿಕ್ ಚಿನ್ನ ಗೆದ್ದರು. 2010ರಲ್ಲಿ ಬ್ರಿಟನ್ ಸಂಸತ್ತಿನ ಮೇಲ್ಮನೆ ಸೇರಿದರು. ಅದೇ ದೋಷವಿದ್ದ ಅಮೆರಿಕದ ಜೀನ್ ಡ್ರಿಸ್ಕಾಲ್ ಬಾಸ್ಟನ್ ಮ್ಯಾರಥಾನ್‌ನ ಗಾಲಿಕುರ್ಚಿ ವಿಭಾಗವನ್ನು 8 ಬಾರಿ ಗೆದ್ದರು.

ತಡೆಯಬಹುದೇ?

30. ತಡೆಯುವ ವಿಟಮಿನ್‌ನ ಕಥೆ ಶುರುವಾದದ್ದು ನಮ್ಮ ದೇಶದಲ್ಲೇ. 1928ರಲ್ಲಿ ಮುಂಬೈಗೆ ಬಂದ ಇಂಗ್ಲಿಷ್ ವೈದ್ಯೆ ಲೂಸಿ ವಿಲ್ಸ್, ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿಯರ ರಕ್ತಹೀನತೆಗೆ ಕಾರಣ ಹುಡುಕಿದರು. ಯೀಸ್ಟ್‌ನಿಂದ ಮಾಡಿದ ಮಾರ್ಮೈಟ್ ತಿಂದವರು ಚೇತರಿಸಿಕೊಂಡರು. ಅದರಲ್ಲಿದ್ದದ್ದೇ ಮುಂದೆ ಫೋಲಿಕ್ ಆಮ್ಲ ಎನಿಸಿಕೊಂಡಿತು. 1945ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಅಮೆರಿಕದ ಲೆಡರ್ಲಿ ಸಂಸ್ಥೆಯ ತಂಡಕ್ಕೆ ಮಾರ್ಗದರ್ಶಕರಾಗಿದ್ದವರು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್.

31. ಹಿಂದೆ ಇಂಥ ಮಗು ಹುಟ್ಟಿದ್ದ ತಾಯಂದಿರು ಗರ್ಭಕ್ಕೆ ಮೊದಲೇ ಫೋಲಿಕ್ ಆಮ್ಲ ತೆಗೆದುಕೊಂಡರೆ ದೋಷ ಮರುಕಳಿಸುವುದು 72 ಶೇಕಡ ತಗ್ಗುತ್ತದೆ ಎಂದು 1991ರಲ್ಲಿ ಖಚಿತವಾಯಿತು. 7 ದೇಶಗಳ 33 ಕೇಂದ್ರಗಳಲ್ಲಿ ನಡೆದ ಪರೀಕ್ಷೆಯದು. ಮರುವರ್ಷ ಹಂಗೆರಿಯ ಅಧ್ಯಯನ, ಮೊದಲ ಬಾರಿಗೆ ಬರುವ ದೋಷವನ್ನೂ ತಡೆಯಬಹುದೆಂದು ತೋರಿಸಿತು.

32. ಪ್ರಮಾಣ ಎಷ್ಟು? ಮಗು ಬೇಕೆಂದುಕೊಂಡಾಗಿನಿಂದ ಮೂರನೇ ತಿಂಗಳು ತುಂಬುವವರೆಗೆ ದಿನಕ್ಕೆ 400 ಮೈಕ್ರೋಗ್ರಾಂ. ಹಿಂದೆ ಇಂಥ ಗರ್ಭವಾಗಿದ್ದರೆ ಸುಮಾರು ಹತ್ತುಪಟ್ಟು ಹೆಚ್ಚು, ಅದೂ ವೈದ್ಯರ ಸಲಹೆಯಂತೆ. ಒಂದು ಮಗುವಿಗೆ ಈ ದೋಷವಿದ್ದರೆ ಮುಂದಿನದಕ್ಕೂ ಬರುವ ಸಂಭವ 3 ಶೇಕಡದ ಆಸುಪಾಸು. ಮಾತ್ರೆ ಎಲ್ಲ ದೋಷವನ್ನೂ ತಡೆಯದು. ಮಾತ್ರೆ ನುಂಗಿದ್ದರೂ ಹೀಗಾದರೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ.

33. ಸೊಪ್ಪು, ಹೆಸರುಕಾಳು, ಕಡಲೆಕಾಳು ಫೋಲೇಟ್‌ನ ಒಳ್ಳೆಯ ಮೂಲಗಳು. ಹೆಚ್ಚು ಹೊತ್ತು ಬೇಯಿಸಿದರೆ, ಬೇಯಿಸಿದ ನೀರು ಚೆಲ್ಲಿದರೆ ಅದು ನಷ್ಟವಾಗುತ್ತದೆ. ಊಟ ಎಷ್ಟೇ ಚೆನ್ನಾಗಿದ್ದರೂ ಮಾತ್ರೆ ಬಿಡಬಾರದು. ಬಿ12 ಕೊರತೆಯೂ ಅಪಾಯ ಹೆಚ್ಚಿಸುವುದರಿಂದ ಸಸ್ಯಾಹಾರಿಗಳು ಅದನ್ನೂ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

34. ಪಡಿತರ ಅಕ್ಕಿಯಲ್ಲಿ ಬೇರೆ ಬಣ್ಣದ ಕಾಳು ಕಂಡು ‘ಪ್ಲಾಸ್ಟಿಕ್ ಅಕ್ಕಿ’ ಎಂದು ಆರಿಸಿ ಎಸೆದವರುಂಟು. ಅವು ಸಾರವರ್ಧಿತ ಕಾಳುಗಳು. ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಬೆರೆಸಿ ತಯಾರಿಸಿ, ನೂರು ಕಾಳಿಗೆ ಒಂದರಂತೆ ಸೇರಿಸುತ್ತಾರೆ. ಎಸೆಯಬೇಡಿ.

35. ಅಮೆರಿಕ, ಕೆನಡಾಗಳಲ್ಲಿ 1998ರಿಂದ ಹಿಟ್ಟಿಗೆ ಫೋಲಿಕ್ ಆಮ್ಲ ಬೆರೆಸುವುದು ಕಡ್ಡಾಯ. ಆಮೇಲೆ ಕೆನಡಾದಲ್ಲಿ ನರನಾಳದ ದೋಷಗಳು 46 ಶೇಕಡ ಇಳಿದವು. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯೂ ಸಾರವರ್ಧಿತ ಆಹಾರದ ಪರವಾಗಿ ನಿರ್ಣಯ ಅಂಗೀಕರಿಸಿತು. ಪ್ರತಿವರ್ಷ ಅಕ್ಟೋಬರ್ 25 ವಿಶ್ವ ಸ್ಪೈನಾ ಬೈಫಿಡಾ ದಿನ.

ಕೊನೆಗೆ ಎರಡು ಮಾತು. ಮನೆಯಲ್ಲಿ ಮದುವೆಯಾದ ಮಗಳು, ಸೊಸೆ ಇದ್ದರೆ ಫೋಲಿಕ್ ಆಮ್ಲದ ಮಾತ್ರೆಯ ವಿಷಯವನ್ನು ಇವತ್ತೇ ತಿಳಿಸಿ. ಮುಟ್ಟು ನಿಂತ ಮೇಲೆ ಹೇಳಿದರೆ ತಡವಾಗಿರುತ್ತದೆ. ಪರಿಚಯದ ಯಾರಿಗಾದರೂ ಇಂಥ ವರದಿ ಬಂದಿದ್ದರೆ ಕಾರಣ ಕೆದಕಬೇಡಿ, ತೀರ್ಮಾನ ಹೇರಬೇಡಿ. ಒಳ್ಳೆಯ ವೈದ್ಯರ ಬಳಿಗೆ ಜೊತೆಯಲ್ಲಿ ಹೋಗಿ.